ಸೆರಗು ನೇಯುವ ಹೊತ್ತು

ಮಗ್ಗ ಮತ್ತೆ ನಿಂತಿತು.

"ಯಲ್ಲಕ್ಕಾ, ನಿಲ್ಲಿಸಬ್ಯಾಡ್ರಿ ಅಂದಿಲ್ಲ ನಾ? ವಿಡಿಯೊ ಹೊಂಟೈತಿ!" ಮೊಬೈಲು ಹಿಡಿದ ಕೈ ಇಳಿಸದೆ ಪಿಎಸ್‌ಐ ಮಧುಮತಿ ಕೂಗಿದಳು.

"ನಾ ಏನ್ ಹೌಸಿಗೆ ನಿಲ್ಲಸಾಕತ್ತೇನ್ರಿ ಮೇಡಮ್ಮರ? ಸೆರಗು ಬಂತು." ಯಲ್ಲಕ್ಕ ಕೆಂಪು ನೂಲಿನ ಲಾಳಿ ತೆಗೆದು ಹಳದಿ ನೂಲಿನದು ಇಟ್ಟು ಹಿಡಿಕೆ ದೂಡಿದಳು. ಮಗ್ಗ ಹತ್ತು ಸಲ ಬಡಿದು ಮತ್ತೆ ನಿಂತಿತು. ಯಲ್ಲಕ್ಕ ಬಾಗಿ ಹಳದಿ ತೆಗೆದಳು, ಹಸಿರು ಇಟ್ಟಳು.

"ಇನ್ನ ಎಷ್ಟ ಸಲ ಇದು?"

"ಸೆರಗು ಮುಗಿಯೂ ತನಕಾ. ಸೀರಿ ಮೈ ನೇಯೂವಾಗ ಮಗ್ಗ ತಾನ ಓಡ್ತೈತಿ, ನಾವು ನಿಂತು ಕಾಯ್ತೇವಿ. ಸೆರಗಿನ್ಯಾಗ ಮಗ್ಗ ನಿಂತು ಕಾಯ್ತೈತಿ, ನಾವು ಓಡತೇವಿ." ತನ್ನ ಮಾತಿಗೆ ತಾನೇ ನಕ್ಕಳು ಯಲ್ಲಕ್ಕ. "ಯಾಕ್ರೀ, ಮಾರಿ ಹಂಗ ಮಾಡಿದ್ರಿ?"

ಮಧುಮತಿ ಮಗ್ಗದ ಕಡೆಯೇ ನೋಡುತ್ತಿದ್ದಳು. ಮೊಬೈಲು ಹಿಡಿದ ಕೈ ತಾನಾಗಿ ಕೆಳಗಿಳಿದಿತ್ತು.

ಅವಳು ನಿಂತಿದ್ದದ್ದು ಬನಹಟ್ಟಿಯ ಶಿದ್ರಾಮಪ್ಪ ಸಾವಕಾರರ ಮಗ್ಗದ ಶೆಡ್ಡಿನಲ್ಲಿ, ಹಿಂದಿನ ಖೋಲಿಯಲ್ಲಿ. ಅಲ್ಲಿ ಇರುವುದು ಎರಡೇ ಮಗ್ಗ. ಈಗ ಯಲ್ಲಕ್ಕ ನಡೆಸುತ್ತಿದ್ದ ಮಗ್ಗ ಮೊದಲು ಹುಲೆಪ್ಪನದು. ಎರಡು ತಿಂಗಳ ಹಿಂದೆ ಸಾವಕಾರ ರಬಕವಿಯಲ್ಲಿ, ನೂಲಿಗೆ ಬಣ್ಣ ಹಾಕುವ ತನ್ನ ಮನೆಯಲ್ಲಿ, ತಲೆಗೆ ಕಬ್ಬಿಣದ ಸರಳಿನ ಏಟು ತಿಂದು ಸತ್ತಿದ್ದ. ಹುಲೆಪ್ಪ ಜಮಖಂಡಿಯ ಜೈಲಿನಲ್ಲಿದ್ದ.

ಅವನನ್ನು ಅಲ್ಲಿಗೆ ಕಳಿಸಿದ್ದು ರಕ್ತದ ಕಲೆಯಲ್ಲ, ಕಣ್ಣಾರೆ ಕಂಡ ಸಾಕ್ಷಿಯೂ ಅಲ್ಲ. ಮಧುಮತಿ ಕಾಗದದ ಮೇಲೆ ಎಳೆದ ಒಂದು ಗೆರೆ.

ಪಾಳಿ ಹಿಡಿಯುವ ನೇಕಾರ ಮಗ್ಗಕ್ಕೆ ಕೈ ಹಚ್ಚುವ ಮೊದಲು ಬಟ್ಟೆಯ ಅಂಚಿಗೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ತನ್ನ ಗುರುತು ಹಾಕುತ್ತಾನೆ. ಅಲ್ಲಿಂದ ಮುಂದಿನದು ತನ್ನ ದುಡಿಮೆ, ಹಿಂದಿನದು ಇನ್ನೊಬ್ಬನದು. ಒಬ್ಬೊಬ್ಬರಿಗೆ ಒಂದೊಂದು ಗುರುತು. ಹುಲೆಪ್ಪನದು ಮೂರು ಚುಕ್ಕಿ. ಮಗ್ಗದ ಮುಂದೆ ಕೈ ಬದಲಾದರೆ ಗುರುತು ಬೀಳಲೇಬೇಕು. ತಾಯಿ ಸತ್ತ ಸುದ್ದಿ ಕೇಳಿ ಓಡುವವನೂ ಖಡು ಎಳೆದೇ ಓಡುತ್ತಾನೆ.

ಆ ಗುರುತು ಕಂಡಾಗ ಮಧುಮತಿಗೆ ಗಡಿಯಾರ ಸಿಕ್ಕಷ್ಟು ಸಂತೋಷವಾಗಿತ್ತು. ದಿನಕ್ಕೆ ಎಷ್ಟು ಸೀರೆ ನೇಯುತ್ತೀರಿ ಎಂದು ಶೆಡ್ಡಿನಲ್ಲಿ ಎಲ್ಲರನ್ನೂ ಕೇಳಿದ್ದಳು. ಹನ್ನೆರಡು ತಾಸಿಗೆ ಆರು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದರು. ಅಂದರೆ ಸೀರೆಗೆ ಎರಡು ತಾಸು, ತಾಸಿಗೆ ಮೂರು ಮೀಟರು. ಕೊಲೆಯ ದಿನ ಎಂಟಕ್ಕೆ ಪಾಳಿ ಸುರುವಾಗಿ, ಹನ್ನೊಂದಕ್ಕೆ ಸುದ್ದಿ ಬಂದು ಮಗ್ಗಗಳೆಲ್ಲ ನಿಂತಿದ್ದವು. ಒಂಬತ್ತು ಮೀಟರು ಇರಬೇಕಾದಲ್ಲಿ ಹುಲೆಪ್ಪನ ಬಟ್ಟೆ ಏಳೇ ಮೀಟರು ಇತ್ತು. ಕರೆಂಟು ಹೋಗಿರಲಿಲ್ಲ, ಅದನ್ನೂ ಅವಳು ವಿಚಾರಿಸಿದ್ದಳು.

ಎರಡು ಮೀಟರಿನ ಹೊತ್ತು ಎಲ್ಲಿ ಹೋಯಿತು? ಮುಕ್ಕಾಲು ತಾಸಿಗೆ ಸ್ವಲ್ಪ ಕಡಿಮೆ. ಬನಹಟ್ಟಿಯಿಂದ ರಬಕವಿಗೆ ಹೋಗಿ, ಒಬ್ಬನ ತಲೆ ಒಡೆದು ಬರಲು ಅಷ್ಟು ಸಾಕು. ಹಿಂದಿನ ದಿನವೇ ಸಾವಕಾರ ಹತ್ತು ಜನರ ಎದುರು ಹುಲೆಪ್ಪನ ಕಪಾಳಕ್ಕೆ ಬಾರಿಸಿದ್ದ.

ಪಕ್ಕದ ಮಗ್ಗದಲ್ಲಿ ಇದ್ದದ್ದು ಚಿದಾನಂದ, ಸಾವಕಾರನ ಅಣ್ಣನ ಮಗ. ಅವನ ಬಟ್ಟೆ ಅಳೆದರೆ ಸರಿಯಾಗಿ ಒಂಬತ್ತು ಮೀಟರು. ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ಹುಲೆಪ್ಪ ನಡುವ ಎಲ್ಲೋ ಹೋಗಿ ಬಂದಂಗಿತ್ತು ನೋಡ್ರಿ," ಎಂದು ಅವನು ಹೇಳಿದಾಗ ಯಾರೂ ಅನುಮಾನ ಪಡಲಿಲ್ಲ. ಬಟ್ಟೆಯೇ ಅವನ ಪರವಾಗಿ ಮಾತಾಡಿತ್ತು.

ಅಡ್ಡಕ್ಕೆ ತಾಸು, ಉದ್ದಕ್ಕೆ ಮೀಟರು, ನಡುವೆ ಪಟ್ಟಿ ಇಟ್ಟು ಎಳೆದ ನೆಟ್ಟನೆಯ ಗೆರೆ. ಚಿದಾನಂದ ಗೆರೆಯ ಮೇಲೆ, ಹುಲೆಪ್ಪ ಗೆರೆಯ ಕೆಳಗೆ. ಅದನ್ನು ನೋಡಿ ಮೇಲಿನ ಸಾಹೇಬರು ಬೆನ್ನು ತಟ್ಟಿದ್ದರು. ಮಗ್ಗ ಓಡುವ ಒಂದು ವಿಡಿಯೊ ಸೇರಿಸಿದರೆ ಕೋರ್ಟಿನಲ್ಲಿ ಇನ್ನೂ ಚಲೋ ಆಗುತ್ತದೆ ಎಂದು ಅವರೇ ಹೇಳಿದ್ದರು. ಅದಕ್ಕೇ ಅವಳು ಇವತ್ತು ಬೆಳಿಗ್ಗೆಯಿಂದ ಇಲ್ಲಿ ನಿಂತಿದ್ದು.

ವಿಡಿಯೊ ಸೇರಿಸಲು ಬಂದವಳು ಈಗ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. ಬೆಳಿಗ್ಗೆ ಅವಳ ಕಣ್ಣೆದುರೇ ಸೀರೆಯ ಮೈ ಐದು ಮೀಟರು ಒಂದು ತಾಸಿನಲ್ಲಿ ಸರಸರ ಇಳಿದಿತ್ತು. ಈಗ ಸೆರಗು. ಒಂದೇ ಒಂದು ಮೀಟರು. ಪಟ್ಟಿಯ ಮೇಲೆ ಪಟ್ಟಿ, ಬಣ್ಣದ ಮೇಲೆ ಬಣ್ಣ, ಯಲ್ಲಕ್ಕನ ಕೈ ಒಂದು ಗಳಿಗೆ ಸುಮ್ಮನಿರಲಿಲ್ಲ. ಮುಗಿಯುವ ಹೊತ್ತಿಗೆ ಇನ್ನೂ ಒಂದು ತಾಸು ಹೋಗಿತ್ತು.

ಒಟ್ಟು ಎರಡು ತಾಸು, ಒಂದು ಸೀರೆ. ಎಲ್ಲರೂ ಹೇಳಿದ್ದು ಖರೆಯೇ.

ಖರೆ ಇದ್ದದ್ದಕ್ಕೇ ಅನಾಹುತ ಆಗಿತ್ತು.

ಮಧುಮತಿ ಲೋಕಾಪುರದ ಆಚೆಯ ಹಳ್ಳಿಯವಳು, ಒಕ್ಕಲುತನದ ಮನೆ. ತ್ರೈರಾಶಿ ಲೆಕ್ಕವನ್ನು ಅವಳು ಸಾಲಿಯಲ್ಲಿ ಕಲಿತದ್ದು, ತೋಟದಲ್ಲಿ ನಂಬಿದ್ದು. ಪಂಪ್‌ಸೆಟ್ಟು ಒಂದು ತಾಸಿಗೆ ತೊಟ್ಟಿಯಲ್ಲಿ ಮೊಳ ನೀರು ಏರಿಸಿದರೆ ಎರಡು ತಾಸಿಗೆ ಎರಡು ಮೊಳ. ಅರ್ಧ ತಾಸಿಗೆ ಅರ್ಧ ಮೊಳ. ನೀರಿಗೆ ಮೈಯೂ ಇಲ್ಲ, ಸೆರಗೂ ಇಲ್ಲ. ಯಾವ ಗಳಿಗೆಯಲ್ಲಿ ಬಗ್ಗಿ ನೋಡಿದರೂ ಅದು ಅದೇ ಓಟದಲ್ಲಿ ಬೀಳುತ್ತಿರುತ್ತದೆ. ಅಲ್ಲಿ ನೆಟ್ಟನೆಯ ಗೆರೆ ಎಳೆಯಬಹುದು, ಕಣ್ಣು ಮುಚ್ಚಿ ಎಳೆಯಬಹುದು.

ಆದರೆ ಮುಧೋಳದಿಂದ ಜಮಖಂಡಿಗೆ ಬಸ್ಸು ಮುಕ್ಕಾಲು ತಾಸಿನಲ್ಲಿ ಬರುತ್ತದೆ ಎಂದ ಮಾತ್ರಕ್ಕೆ, ಅದರರ್ಧ ಹೊತ್ತಿನಲ್ಲಿ ಬಸ್ಸು ಸರಿಯಾಗಿ ಅರ್ಧ ದಾರಿಯಲ್ಲಿ ಇರುತ್ತದೇನು? ನಡುವಿನ ಊರಿನಲ್ಲಿ ನಿಂತು ಡ್ರೈವರು ಚಹಾ ಕುಡಿಯುತ್ತಿರಬಹುದು. ದಿನಕ್ಕೆ ಎಷ್ಟು ಸಲ ಬಸ್ಸು ಹೋಗಿ ಬರುತ್ತದೆ ಎಂದು ಕೇಳಿದವರಿಗೆ ಆ ಚಹಾ ಕಾಣುವುದೇ ಇಲ್ಲ.

ಸೀರೆಯೂ ಹಾಗೇ. ಆರು ಸೀರೆಗೆ, ಅರವತ್ತು ಸೀರೆಗೆ ಆ ಗೆರೆ ಬರೋಬ್ಬರಿ. ಒಂದೂವರೆ ಸೀರೆಗೆ ಅದು ಸುಳ್ಳು. ನೇಕಾರರಿಗೆ ಕೂಲಿ ಸಿಗುವುದು ಇಡೀ ಸೀರೆಗೆ, ಅರ್ಧ ಸೀರೆಯ ಹೊತ್ತನ್ನು ಅವರನ್ನು ಯಾರೂ ಯಾವತ್ತೂ ಕೇಳಿಲ್ಲ. ಅವಳೂ ಕೇಳಲಿಲ್ಲ.

ಅವಳು ಮೊಬೈಲಿನಲ್ಲಿ ಹಳೆಯ ಫೋಟೊ ಹುಡುಕಿದಳು. ಮುದ್ದೆಮಾಲಿಗೆ ಸೇರಿಸುವ ಮೊದಲು ಹುಲೆಪ್ಪನ ಬಟ್ಟೆಯ ಫೋಟೊ ಅವಳೇ ತೆಗೆದಿದ್ದಳು. ಮೂರು ಚುಕ್ಕಿ ಸ್ಪಷ್ಟ ಇದ್ದವು. ಎರಡು ತಿಂಗಳು ಆ ಚುಕ್ಕಿಗಳನ್ನೇ ನೋಡಿದ್ದಳು. ಈಗ ಚುಕ್ಕಿಯ ಪಕ್ಕ ಏನಿದೆ ಎಂದು ನೋಡಿದಳು.

ಚುಕ್ಕಿಗಳಿಗೆ ಒತ್ತಿಕೊಂಡೇ ಸೆರಗಿನ ಮೊದಲ ಹಳದಿ ಪಟ್ಟಿ ಸುರುವಾಗಿತ್ತು.

ಪಾಳಿ ಹಿಡಿದದ್ದೇ ಸೆರಗಿನಿಂದ. ಒಂದು ತಾಸು ಸೆರಗು, ಒಂದು ತಾಸು ಮೈ, ಒಂದು ತಾಸು ಮತ್ತೆ ಸೆರಗು. ಒಂದು, ಐದು, ಒಂದು. ಏಳು ಮೀಟರು.

ಹುಲೆಪ್ಪ ಒಂದು ಗಳಿಗೆಯೂ ಕದಲಿರಲಿಲ್ಲ.

ಯಲ್ಲಕ್ಕ ಮಗ್ಗ ನಿಲ್ಲಿಸಿ ಅವಳ ಕಡೆ ತಿರುಗಿದಳು. "ನೀರು ಬೇಕೇನ್ರಿ?"

"ಸೆರಗಿಗೆ ಇಷ್ಟ ಹೊತ್ತು ಹಿಡಿತೈತಿ ಅಂತ ನನಗ ಯಾಕ ಹೇಳಲಿಲ್ರಿ ಯಾರೂ?" ಮಧುಮತಿಯ ದನಿ ಏರಿತು. "ಇಡೀ ಶೆಡ್ಡಿಗೆ ಶೆಡ್ಡ ಬಾಯಿ ಹೊಲಕೊಂಡು ನಿಂತಿತ್ತೇನು?"

"ನೀವು ದಿನಕ್ಕ ಎಷ್ಟ ಅಂದ್ರಿ, ದಿನದ್ದ ಹೇಳಿದಿವಿ." ಯಲ್ಲಕ್ಕನೂ ಬಿಡಲಿಲ್ಲ. "ಸೆರಗಿಲ್ಲದ ಸೀರಿ ಎಲ್ಲೆರ ಇರ್ತೈತೇನ್ರಿ? ನಿಮಗ ಗೊತ್ತೈತಿ ಅಂತ ತಿಳಕೊಂಡ್ವಿ. ನೀವೂ ಹೆಣಮಗಳ ಅಲ್ಲೇನು."

ಆಗಲೇ ಫೋನು ಬಡಿದದ್ದು. ಜಮಖಂಡಿ ಕೋರ್ಟಿನಿಂದ ಕಾನ್‌ಸ್ಟೇಬಲ್ ಹಾಲೇಶ.

"ಮೇಡಮ್ಮರ, ಸುದ್ದಿ ಛಲೋ ಐತ್ರಿ! ನಮ್ಮ ಕೆಲಸಾ ಹಗರ ಆತು. ಹುಲೆಪ್ಪ ಊಟದ ಮ್ಯಾಲ ಜಡ್ಜ್ ಸಾಹೇಬರ ಮುಂದ ಕೊಲಿ ನಾನ ಮಾಡೇನಿ ಅಂತ ಒಪ್ಕೋತಾನಂತ. ತನ್ನ ವಕೀಲರಿಗೂ ಸುಮ್ಮ ಕುಂದ್ರು ಅಂದಾನ."

"ಏನಂದಿ?"

"ಒಪ್ಕೋತಾನಂತ್ರಿ."

"ಅಂವ ಮಾಡಿಲ್ಲ ಹಾಲೇಶ. ತಡಿ ಅವನ್ನ."

"ಹೆಂಗ ತಡೀಲ್ರೀ? ಎರಡು ತಿಂಗಳು ಒಪ್ಕೋ ಒಪ್ಕೋ ಅಂದೇವಿ. ಈಗ ಬ್ಯಾಡ ಅನ್ನಾಕ ಹೋದ್ರ ನನ್ನ ಹುಚ್ಚ ಅಂತಾರ."

"ಅವನ ಹೇಣ್ತಿ ಕರೆವ್ವ ಅದಾಳೇನು ಅಲ್ಲಿ?"

"ಗಂಡನ್ನ ನೋಡಾಕ ಬಂದು ಕಟ್ಟಿ ಮ್ಯಾಲ ಕುಂತಾಳ್ರಿ."

"ಆಕಿಗೆ ಹೇಳಿ ಅವನ ಬಾಯಿ ಮುಚ್ಚಸು. ನಾ ಬರೂ ತನಕಾ."

ಫೋನಿಟ್ಟು ಸಾಹೇಬರಿಗೆ ಹಚ್ಚಿದಳು. ಅವರು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಆ ಯಲ್ಲಕ್ಕನ ಕೈ ನಿಧಾನ ಇರಬಹುದಲ್ಲ?" ಎಂದರು ಕೊನೆಗೆ. "ಹುಲೆಪ್ಪ ಚುರುಕಿನ ಆಳು. ಅಂವ ಅರ್ಧ ತಾಸಿನ್ಯಾಗ ಸೆರಗು ಮುಗಿಸಿ ಉಳದ ಹೊತ್ತಿನ್ಯಾಗ ಹೋಗಿ ಬಂದಾನಂತ ಇಟಗೊಳ್ರಿ. ನೀವು ಬನಹಟ್ಟಿಯ ಒಂದು ಮಗ್ಗ, ಒಂದು ದಿನ, ಒಬ್ಬಾಕಿ ಕೈ ನೋಡಿ ಬ್ಯಾರೆ ಗೆರಿ ಎಳ್ಯಾಕತ್ತೀರಿ. ಮದಲಿನ ಗೆರಿನೂ ನಿಮ್ಮದ ಇತ್ತು."

"ಸರ್, ಚಿದಾನಂದನ್ನ ನೋಡ್ರಿ. ಖರೇ ನೇಕಾರನ ಬಟ್ಟಿ ಆ ಗೆರಿ ಮ್ಯಾಲ ಬರೋಬ್ಬರಿ ಕೂಡಾಕ ಆಗೂದಿಲ್ಲ. ಒಂದು ಮ್ಯಾಲ ಹೋಗಬೇಕು, ಇಲ್ಲಾ ಕೆಳಗ ಬರಬೇಕು. ಮೈಯಿಂದ ಸುರು ಮಾಡಿದ್ರ ಮೂರು ತಾಸಿಗೆ ಹನ್ನೊಂದು ಮೀಟರು ಆಗಬೇಕಿತ್ತು. ಒಂಬತ್ತ ಅದಾವು."

"ಮೈಯಿಂದ ಸುರು ಮಾಡ್ಯಾನ ಅಂತ ಯಾರು ಹೇಳಿದ್ರು?"

ಮಧುಮತಿ ಪಕ್ಕದ ಮಗ್ಗದ ಕಡೆ ನೋಡಿದಳು.

"ಅವನ ಬಟ್ಟಿ ತಗೊಂಡು ಬರ್ರಿ. ಅದರ ಮ್ಯಾಲಿನ ಗುರುತು ತೋರಸ್ರಿ, ಮಾತಾಡೂಣು. ಬಾಯಿಲೆ ಹೇಳೂದು ಬ್ಯಾಡ. ಒಪ್ಕೊಳ್ಳಾಕ ನಿಂತ ಮನಿಷಾನ್ನ ಬಿಡಸಾಕ ಹೋದ ಪಿಎಸ್‌ಐನ್ನ ನಾ ಇನ್ನೂ ನೋಡಿಲ್ಲ."

ಚಿದಾನಂದನ ಬಟ್ಟೆಯನ್ನು ಅವಳು ಅವನ ಗುರುತಿನಿಂದ ತುದಿಯವರೆಗೆ ಅಳೆದಿದ್ದಳು, ಅಷ್ಟೇ; ಗುರುತು ಎಲ್ಲಿ ಬಿದ್ದಿದೆ, ನಡುವೆ ಏನಿದೆ ಎಂದು ನೋಡಿರಲಿಲ್ಲ. ಜಪ್ತಿ ಮಾಡಿರಲಿಲ್ಲ, ಫೋಟೊ ತೆಗೆದಿರಲಿಲ್ಲ. ಗೆರೆಯ ಮೇಲೆ ಕುಳಿತವನ ಬಟ್ಟೆ ಯಾರಿಗೆ ಬೇಕಿತ್ತು?

"ಯಲ್ಲಕ್ಕಾ, ಆ ದಿನದ ಬಟ್ಟಿ ಮಾರಿಬಿಟ್ರೇನು?"

"ಎಲ್ಲೀದ್ರಿ. ಈ ಮನಿತನದಾಗ ಯಜಮಾನ ಸತ್ತ ದಿನ ಮಗ್ಗದ ಮ್ಯಾಲ ಇದ್ದದ್ದು ಮಾರೂದಿಲ್ಲ. ಕತ್ತರಿಸಿ ಮನಿಗೆ ಒಯ್ದಾರ. ಸಾವಕಾರ್ತಿ ಕಡೆ ಐತಿ."

ಮಧುಮತಿ ಓಡಿದಳು.

*

ಸಾವಕಾರರ ಮನೆ ಓಣಿಯ ತುದಿಗೇ ಇತ್ತು. ಸಾವಕಾರ್ತಿ ಹಾಲವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ತೊಗರಿ ಆರಿಸುತ್ತಿದ್ದಳು. ಅರವತ್ತರ ಹೆಂಗಸು, ಬರಿ ಹಣೆಗೆ ವಿಭೂತಿ. ಗಂಡ ಸತ್ತ ದಿನವೂ ಆಕೆ ಪೊಲೀಸರೆದುರು ಅತ್ತಿರಲಿಲ್ಲ.

"ಬಾ ತಂಗಿ. ಚಹಾ ಇಡಸ್ಲೇನು?"

"ಚಹಾ ಬ್ಯಾಡ್ರಿ ಅವ್ವಾರ. ಸಾವಕಾರ್ರು ತೀರಿದ ದಿನ ಚಿದಾನಂದನ ಮಗ್ಗದ ಮ್ಯಾಲ ಇದ್ದ ಬಟ್ಟಿ ಬೇಕಾಗೇತಿ. ಈಗಿಂದೀಗ."

ಹಾಲವ್ವನ ಬೆರಳು ಕಾಳಿನ ಮೇಲೆ ನಿಂತವು. "ಮದಲ ಹುಲೆಪ್ಪನ್ನ ಅಳದ್ರಿ. ಈಗ ನಮ್ಮ ಹುಡುಗನ್ನ ಅಳಿಯಾಕ ಬಂದ್ರೇನು?"

"ಹುಲೆಪ್ಪನ್ನ ಅಳದದ್ದು ತಪ್ಪಾಗೇತಿ. ಸೆರಗಿನ ಹೊತ್ತು ಹಿಡಿದಿದ್ದಿಲ್ಲ ನಾ."

"ಹೌದು. ಹಿಡಿದಿದ್ದಿಲ್ಲ."

"ನಿಮಗ ಗೊತ್ತಿತ್ತು?"

"ನಾ ಈ ಮನಿಗೆ ಸೊಸಿ ಆಗಿ ಬಂದಾಗ ಕೈಮಗ್ಗ ಇದ್ದುವು. ಒಂದು ಸೆರಗಿಗೆ ಇಡೀ ಮುಂಜಾನಿ ಹೊಕ್ಕತಿತ್ತು. ನನಗ ಗೊತ್ತಿರದ ಏನು."

"ಗೊತ್ತಿದ್ದೂ ಸುಮ್ಮ ಕುಂತ್ರಿ? ಒಬ್ಬ ಮನಿಷಾ ಜೇಲಿನ್ಯಾಗ ಅದಾನ್ರಿ!"

"ನನ್ನ ಗಂಡ ಮಣ್ಣಾಗ ಅದಾನ." ಹಾಲವ್ವ ದನಿ ಏರಿಸಲಿಲ್ಲ. "ನೀ ಕಲತಾಕಿ. ಕಾಗದ ಹಿಡಕೊಂಡು ಬಂದಿ, ಹುಲೆಪ್ಪನ ಅಂದಿ. ನಿನಗ ಅಷ್ಟು ಖಾತ್ರಿ ಇದ್ದಾಗ ನನಗೂ ಖಾತ್ರಿ ಆತು. ಖಾತ್ರಿ ಆಗಬೇಕಿತ್ತು ನನಗ. ತಿಳೀತೇನು?"

ತಿಳಿಯಿತು. ತಿಳಿದದ್ದಕ್ಕೇ ಮಧುಮತಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕು ಎಂಬುದು ತಿಳಿಯಲಿಲ್ಲ.

"ಬಟ್ಟಿ ಕೊಡ್ರಿ ಅವ್ವಾರ. ಇಲ್ಲಂದ್ರ ವಾರಂಟ್ ತರತೇನಿ."

"ತಾ. ಅಷ್ಟರಾಗ ಹುಲೆಪ್ಪ ಒಪ್ಕೊಂಡಿರ್ತಾನ."

ಮಧುಮತಿ ಬೆಚ್ಚಿದಳು. "ಅದು ನಿಮಗ ಯಾರು ಹೇಳಿದ್ರು?"

"ಚಿದಾನಂದ ಮುಂಜಾನಿ ಜಮಖಂಡಿಗೆ ಹೋಗೂವಾಗ ಹೇಳಿ ಹೋದ. ಇವತ್ತ ಎಲ್ಲಾ ಮುಗೀತೈತಿ ಕಾಕು, ನೀ ನಿಶ್ಚಿಂತಿ ಇರು ಅಂದ."

ಜೈಲಿನಲ್ಲಿರುವವನು ಮಧ್ಯಾಹ್ನ ಆಡಲಿರುವ ಮಾತು ಬೆಳಿಗ್ಗೆಯೇ ಬನಹಟ್ಟಿಯ ಈ ಪಡಸಾಲೆಯಲ್ಲಿ ಗೊತ್ತಿತ್ತು. ತನಿಖೆ ಮಾಡಿದ ಪಿಎಸ್‌ಐಗೆ ಗೊತ್ತಿರಲಿಲ್ಲ.

ಹಾಲವ್ವ ಮೊರ ಬದಿಗಿಟ್ಟು ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಹೊರಗೆ ಬಂದಾಗ ಆಕೆಯ ತೋಳಿನ ಮೇಲೆ ಕೆಂಪು ಬಟ್ಟೆಯ ಮಡಿಕೆಯಿತ್ತು.

"ತಗೋ. ನೋಡು."

ಮಧುಮತಿ ನೆಲದ ಮೇಲೆ ಮೊಣಕಾಲೂರಿ ಬಟ್ಟೆ ಬಿಡಿಸಿದಳು. ಮೈ, ಸೆರಗು, ಮತ್ತೆ ಮೈ. ಅಂಚು ಹಿಡಿದು ಬೆರಳಾಡಿಸುತ್ತ ಹೋದಳು. ಒಂದು ಬದಿ ನೋಡಿದಳು. ತಿರುಗಿಸಿ ಇನ್ನೊಂದು ಬದಿ ನೋಡಿದಳು. ಮಗ್ಗದಿಂದ ಇಳಿದ ಬಟ್ಟೆ ಗಂಜಿಯಿಂದ ಬಿರುಸಾಗಿರುತ್ತದೆ. ಇದು ಮಗುವಿನ ಲಂಗದಷ್ಟು ಮೆತ್ತಗಿತ್ತು.

"ಇದನ್ನ ತೊಳದೀರಿ."

"ಮಣ್ಣು ಕೊಟ್ಟು ಬಂದ ಮ್ಯಾಲ ಮನ್ಯಾಗಿನ ಅರಿವಿ ಎಲ್ಲಾ ನೀರಿಗೆ ಹಾಕತೇವಿ. ಇದನ್ನೂ ಹಾಕಿದ್ವಿ."

ಖಡು ನೀರಿಗೆ ನಿಲ್ಲುತ್ತದೇನು? ಅಂಚಿನಲ್ಲಿ ಏನೂ ಇರಲಿಲ್ಲ. ಬಟ್ಟೆ ಇತ್ತು, ಉದ್ದ ಇತ್ತು, ಸೆರಗೂ ಇತ್ತು. ಆ ದಿನ ಎಂಟಕ್ಕೆ ಕೆಲಸ ಎಲ್ಲಿಂದ ಸುರುವಾಯಿತು ಎಂಬುದೊಂದೇ ಇರಲಿಲ್ಲ. ತುದಿಯಿಂದ ಒಂಬತ್ತು ಮೀಟರು ಹಿಂದಕ್ಕೆ ಅಳೆದರೂ, ನೀರಿಗೆ ಕುಗ್ಗಿದ ಬಟ್ಟೆಯಲ್ಲಿ ಅದು ಮತ್ತೆ ಅವಳ ಬಾಯಿಮಾತೇ. ಎಲ್ಲಿಂದ ಹಿಡಿದರೆ ಅದಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತಿತ್ತು.

ಅವಳು ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿದಳು. ಹಿಂಡಿದರೆ ಖಡು ಮರಳಿ ಬರುತ್ತದೆ ಎನ್ನುವ ಹಾಗೆ.

ಹಾಲವ್ವ ಬಹಳ ಹೊತ್ತು ಅವಳನ್ನು ನೋಡಿದಳು. ಆಮೇಲೆ ಕೆಳಗೆ ಕುಳಿತು, ಬಟ್ಟೆಯ ಅಂಚನ್ನು ಅವಳ ಮುಷ್ಟಿಯಿಂದ ಬಿಡಿಸಿಕೊಂಡಳು.

"ಯಾವ ಗುರುತು ಹುಡಕಾಕತ್ತಿ? ಎರಡ ಇದ್ದುವು."

"ಏನ್ರಿ?"

"ನಾನ ಕೈಯಾರೆ ತೊಳದೇನಿ. ಒಂದು ಚಿದಾನಂದನ ಅಡ್ಡ ಗೆರಿ, ಸೀರಿ ಮೈ ಸುರು ಆಗೂ ಕಡೆ, ಇಲ್ಲಿ. ಇನ್ನೊಂದು," ಹಾಲವ್ವನ ಬೆರಳು ಅಂಚಿನ ಗುಂಟ ಸರಿದು ಸೆರಗಿನ ಮೊದಲ ಪಟ್ಟಿಯ ಹತ್ತಿರ ನಿಂತಿತು, "ಇಲ್ಲಿ. ಮೂರು ಚುಕ್ಕಿ."

ಮೂರು ಚುಕ್ಕಿ. ಹುಲೆಪ್ಪನ ಗುರುತು.

ಚಿದಾನಂದ ಒಂದು ತಾಸು ಮೈ ನೇಯ್ದಿದ್ದಾನೆ. ಸೆರಗು ಬಂದ ಹೊತ್ತಿಗೆ ಎದ್ದು ಹೋಗಿದ್ದಾನೆ. ಆ ಹೊತ್ತಿಗೆ ಹುಲೆಪ್ಪನ ಮಗ್ಗ ಮೈಗೆ ಬಂದಿತ್ತು, ತಾನಾಗಿ ಓಡುತ್ತಿತ್ತು, ಅವನ ಕೈ ಖಾಲಿ ಇತ್ತು. ಅವನು ಪಕ್ಕದ ಮಗ್ಗಕ್ಕೆ ಸರಿದು, ರೂಢಿಯಂತೆ ತನ್ನ ಗುರುತು ಹಾಕಿ, ಸಾವಕಾರನ ಅಣ್ಣನ ಮಗನ ಸೆರಗು ನೇಯ್ದಿದ್ದಾನೆ. ಎರಡೂ ಮಗ್ಗಕ್ಕೆ ಒಬ್ಬನೇ ಓಡಾಡಿದ್ದಕ್ಕೆ ಆ ಸೆರಗು ತಡವಾಗಿದೆ, ಹನ್ನೊಂದು ಆಗಬೇಕಾದದ್ದು ಒಂಬತ್ತಕ್ಕೆ ನಿಂತಿದೆ. ತಿರುಗಿ ಬಂದ ಚಿದಾನಂದ, ತಾನು ಹೋಗಿಯೇ ಇಲ್ಲ ಎನ್ನುವ ಹಾಗೆ, ಗುರುತು ಹಾಕದೆ ಉಳಿದದ್ದನ್ನು ನೇಯ್ದಿದ್ದಾನೆ. ಎರಡನೆಯ ತಾಸು. ಡಾಕ್ಟರು ಹೇಳಿದ ಸಾವಿನ ಹೊತ್ತೂ ಅದೇ.

ಅಂದರೆ ಚಿದಾನಂದ ಮಗ್ಗ ಬಿಟ್ಟು ಹೋದದ್ದು ಹುಲೆಪ್ಪನಿಗೆ ಮೊದಲ ದಿನದಿಂದ ಗೊತ್ತಿತ್ತು. ಎರಡು ತಿಂಗಳು ಅವನು ಬಾಯಿ ಬಿಟ್ಟಿರಲಿಲ್ಲ. ಮುಚ್ಚಿಕೊಂಡು ಇದ್ದದ್ದು ಸಾಲದೆಂಬಂತೆ ಈಗ ಕೊಲೆಯನ್ನೂ ಹೊರಲು ನಿಂತಿದ್ದ.

"ಅವ್ವಾರ, ಈ ಮಾತು ಜಡ್ಜ್ ಸಾಹೇಬರ ಮುಂದ ಹೇಳ್ರಿ. ಈಗ ಏಳ್ರಿ, ಜೀಪ್ ಐತಿ."

"ಹೇಳೂದಿಲ್ಲ."

"ಹಾಲವ್ವಾರ!"

"ಎರಡು ತಿಂಗಳು ಒಬ್ಬಾಕಿ ನುಂಗಿಕೊಂಡು ಕುಂತಿದ್ದೆ. ಇವತ್ತ ನಿನ್ನ ಮಾರಿ ನೋಡಿ ತಡಕೊಳ್ಳಾಕ ಆಗಲಿಲ್ಲ, ಅಂದೆ. ಈ ಹೊಸ್ತಿಲ ದಾಟಿದ್ರ ನಾ ಅಂದೇ ಇಲ್ಲ ಅಂತೇನಿ." ಆಕೆ ಬಟ್ಟೆಯನ್ನು ಮತ್ತೆ ಮಡಿಚತೊಡಗಿದಳು. "ಒಬ್ಬಾಂವ ಹೋದ. ಉಳದಾಂವ ಅವನೊಬ್ಬನ. ನಾಳೆ ನನ್ನ ಹೆಣಕ್ಕ ಹೆಗಲ ಕೊಡಾಂವ ಯಾರು, ನೀ ಕೊಡತೀಯೇನು?"

ಜಬರಿಸಬಹುದಿತ್ತು. ಜಬರಿಸಿದರೆ ಹಾಲವ್ವ ಇನ್ನಷ್ಟು ಗಟ್ಟಿಯಾಗುತ್ತಾಳೆ. ಕಾಲಿಗೆ ಬೀಳಬಹುದಿತ್ತು. ಬಿದ್ದರೆ ಆಕೆ ಎತ್ತಿ ಕೂರಿಸಿ ಚಹಾ ಕೊಡುತ್ತಾಳೆ, ಅಷ್ಟೇ. ತೊಳೆದ ಬಟ್ಟೆಯೊಂದು, ಸಾಕ್ಷಿ ಹೇಳದ ಸಾಕ್ಷಿಯೊಬ್ಬಳು. ಇಷ್ಟನ್ನು ಇಟ್ಟುಕೊಂಡು ಸಾಹೇಬರ ಮುಂದೆ ನಿಲ್ಲಬೇಕು.

ಫೋನು ಬಡಿಯಿತು. ಹಾಲೇಶನ ದನಿಯಲ್ಲಿ ಮೊದಲಿನ ಉಮೇದಿ ಇರಲಿಲ್ಲ.

"ಆತ್ರಿ ಮೇಡಮ್ಮರ. ಒಪ್ಕೊಂಡ."

ಮಧುಮತಿ ಗೋಡೆಗೆ ಒರಗಿದಳು. "ಊಟದ ಮ್ಯಾಲ ಅಂದಿದ್ದಿ."

"ಲಗೂ ಕರದ್ರು. ಯಾರರ ಹೆದರಿಸ್ಯಾರೇನು ಅಂತ ಜಡ್ಜ್ ಸಾಹೇಬರು ತಿರಗಿ ತಿರಗಿ ಕೇಳಿದ್ರು. ಇಲ್ರಿ ಅಂದ. ಮೇಡಮ್ಮರ ಲೆಕ್ಕ ಬರೋಬ್ಬರಿ ಐತ್ರಿ ಅಂದ. ಹಂಗ ಅಂದು ಕೈ ಮುಗದಾನ್ರಿ."

"ಕರೆವ್ವಗ ಹೇಳಿದಿ ಇಲ್ಲೋ? ಆಕಿ ಏನು ಮಾಡಿದಳು?"

"ಹೇಳಿದ್ನಿ. ನಿನ್ನ ಗಂಡ ಮಾಡಿಲ್ಲಂತವಾ, ಮೇಡಮ್ಮರ ಹೇಳ್ಯಾರ, ಹೋಗಿ ತಡಿ ಅಂದ್ನಿ. ಗೊತ್ತೈತ್ರಿ ಅಂದಳು. ಕುಂತ ಜಾಗಾ ಬಿಟ್ಟು ಏಳಲಿಲ್ಲ."

"ಈಗ ಎಲ್ಲದಾಳ? ಆಕಿನ್ನ ಅಲ್ಲೇ ಹಿಡಕೊಂಡು ಕುಂದ್ರು."

"ಹ್ವಾದಳ್ರಿ."

"ಎಲ್ಲಿಗೆ ಹ್ವಾದಳಲೇ?"

"ಕೋರ್ಟಿನ ಗೇಟಿಗೆ ಚಿದಾನಂದ ಸಾವಕಾರ್ರು ಗಾಡಿ ತಂದು ನಿಲ್ಲಿಸಿದ್ರು. ಬಾಗಲಾ ತಗದು ಹತ್ತವಾ ಅಂದ್ರು. ಆಕಿ ಹತ್ತಿದಳು. ನಾ ಊರಿಗೆ ಬಿಡಾಕ ಹೊಂಟಾರ ಅಂತ ತಿಳದ್ನಿ..."

"ಮತ್ತ?"

"ಗಾಡಿ ಬನಹಟ್ಟಿ ಕಡೆ ತಿರಗಲಿಲ್ರಿ. ಬೀಳಗಿ ರಸ್ತೆ ಹಿಡೀತು."

ಖರೆ ಗೊತ್ತಿದ್ದವಳು ಚಿದಾನಂದನ ಗಾಡಿಯಲ್ಲಿ ಕುಳಿತಿದ್ದಳು. ಫೋನಿನ ಮಾತು ಪಡಸಾಲೆಗೆಲ್ಲ ಕೇಳುವಷ್ಟು ಜೋರಾಗಿತ್ತು. ಹಾಲವ್ವ ಎದ್ದು ನಿಂತಿದ್ದಳು. ಗಂಡ ಸತ್ತ ದಿನವೂ ಬಿಳಿಚದ ಮುಖ ಈಗ ಬಿಳಿಚಿತ್ತು.

"ಆ ಕಡೆ ನಮ್ಮವರು ಯಾರೂ ಇಲ್ಲ," ಎಂದಳು ಆಕೆ. "ಹೊಲಾ ಇಲ್ಲ, ಮನಿ ಇಲ್ಲ. ಹೊಳಿ ಹಿನ್ನೀರೊಂದ ಐತಿ."